ಕೆಂಪು ಕಾರು ಗುಲಾಬಿ ಆಯಿತಾ? ಪೇಂಟರ್ ಹತ್ತಿರ ಓಡಬೇಡಿ

ಬಳ್ಳಾರಿ, ರಾಯಚೂರು, ಕಲಬುರಗಿ ಕಡೆ ಹಳೆ ಕೆಂಪು ಮಾರುತಿ 800 ಕಣ್ಣಿಗೆ ಬಿದ್ದರೆ ಒಮ್ಮೆ ನಿಂತು ನೋಡಿ. ಬಾನೆಟ್ ಮತ್ತು ರೂಫ್ ಮಾಸಿದ ಗುಲಾಬಿ. ಬಾಗಿಲಿನ ಕೆಳಭಾಗ ಮಾತ್ರ ಇನ್ನೂ ಕೆಂಪು, ನೆತ್ತಿ ಬಿಸಿಲು ಅಲ್ಲಿಗೆ ತಾಗುವುದಿಲ್ಲ ನೋಡಿ. ಬಾನೆಟ್ ಮೇಲೆ ಕೈಯಾಡಿಸಿದರೆ ಬೆರಳಿಗೆ ಪುಡಿ ಅಂಟುತ್ತದೆ. ಗ್ಯಾರೇಜಿಗೆ ಹೋದರೆ ಒಂದೇ ಉತ್ತರ: "ಫುಲ್ ಪೇಂಟ್ ಹೊಡೆಸಿಬಿಡಿ ಸಾರ್."

ಹೂಂ ಅನ್ನುವ ಮೊದಲು ಒಂದು ಭಾನುವಾರ ಆ ಕಾರಿಗೆ ಕೊಡಿ ಅಂತ ನನ್ನ ವಾದ.

ಬಣ್ಣ ಸತ್ತಿರುವುದು ಮೇಲ್ಮೈಯಲ್ಲಿ ಮಾತ್ರ. ಬಣ್ಣದ ಕಣಗಳನ್ನು ಹಿಡಿದಿಟ್ಟ ರಾಳವನ್ನು ಬಿಸಿಲಿನ ಯುವಿ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಒಡೆಯುತ್ತವೆ. ಹಿಡಿತ ತಪ್ಪಿದ ಕಣಗಳೇ ಆ ಪುಡಿ. ಅದನ್ನು ಉಜ್ಜಿ ತೆಗೆದರೆ ಬಹಳಷ್ಟು ಸಲ ಕೆಳಗೆ ಒಳ್ಳೆಯ ಕೆಂಪು ಇನ್ನೂ ಇರುತ್ತದೆ.

ಆದರೆ ಮೊದಲು ಪರೀಕ್ಷೆ. ಕಾಣದ ಮೂಲೆಯಲ್ಲಿ ಬಿಳಿ ಬಟ್ಟೆಗೆ ಸ್ವಲ್ಪ ರಬ್ಬಿಂಗ್ ಕಾಂಪೌಂಡ್ (ಮೇಲ್ಪದರ ಸವೆಸುವ ಪೇಸ್ಟ್) ಹಚ್ಚಿ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಬಂದರೆ ಅದು ಸಿಂಗಲ್ ಸ್ಟೇಜ್ ಪೇಂಟ್, ಅಂದರೆ ಮೇಲೆ ಬೇರೆ ಪದರವಿಲ್ಲದ ಬಣ್ಣ, ಧೈರ್ಯವಾಗಿ ಮುಂದುವರಿಯಿರಿ. ಬಣ್ಣ ಬರದಿದ್ದರೆ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇದೆ ಅಂತ ಅರ್ಥ. ಅದು ಸಾಮಾನ್ಯವಾಗಿ 40-50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಬರೀ ಮಂಕಾಗಿದ್ದರೆ ಹಗುರವಾಗಿ ಪಾಲಿಶ್ ಮಾಡಬಹುದು. ಸಿಪ್ಪೆ ಏಳುತ್ತಿದ್ದರೆ ಯಾವ ಕಾಂಪೌಂಡೂ ಉಳಿಸುವುದಿಲ್ಲ. ಯೂಟ್ಯೂಬಿನವರು ಏನೇ ತೋರಿಸಲಿ, ಆ ಪ್ಯಾನೆಲ್‌ಗೆ ಪೇಂಟೇ ಗತಿ.

ಫ್ಯಾಕ್ಟರಿ ಪೇಂಟ್ ಉಳಿಸಿಕೊಳ್ಳಿ ಅಂತ ಇಷ್ಟು ಹಟ ಯಾಕೆ? ಫ್ಯಾಕ್ಟರಿಯಲ್ಲಿ ಬರೀ ಲೋಹದ ಬಾಡಿ ಮೇಲೆ ಬಣ್ಣ ಹೊಡೆದು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಗ್ಯಾರೇಜಿಗೆ ಬರುವ ಕಾರಿನಲ್ಲಿ ವೈರಿಂಗ್, ರಬ್ಬರ್, ಪ್ಲಾಸ್ಟಿಕ್ ಎಲ್ಲಾ ಇರುತ್ತದೆ, ಅಷ್ಟು ಬಿಸಿ ಮಾಡಲು ಆಗುವುದಿಲ್ಲ. ಪೇಂಟ್ ಹೊಡೆದು ಒಣಗಿಸುವ ಒಳ್ಳೆಯ ಬೂತ್ ಇದ್ದರೆ 60 ಡಿಗ್ರಿ ಆಸುಪಾಸು. ರಸ್ತೆಬದಿಯ ಶೆಡ್ಡಿನಲ್ಲಿ ಸೂರ್ಯನೇ ಓವನ್. ಮುಂದೆ ಮಾರಲು ಹೋದರೆ ಹೊಸ ಬಣ್ಣ ನೋಡಿದವರ ಮೊದಲ ಪ್ರಶ್ನೆ "ಆಕ್ಸಿಡೆಂಟ್ ಆಗಿತ್ತಾ?" ಹಾಗೂ ಬೇರೆ ಬಣ್ಣ ಹೊಡೆಸಿದರೆ ಆರ್‌ಸಿಯಲ್ಲೂ ಬದಲಾಯಿಸಬೇಕು. ಆರ್‌ಟಿಒ ಓಡಾಟ ಯಾರಿಗೆ ಬೇಕು, ಅಲ್ವಾ?

ಕೆಲಸ ನೆರಳಿನಲ್ಲೇ ಆಗಬೇಕು. ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು, ಇಲ್ಲದಿದ್ದರೆ ಕಾಂಪೌಂಡ್ ಒಣಗಿ ಕೂರುತ್ತದೆ. ಚೆನ್ನಾಗಿ ತೊಳೆಯಿರಿ. ಒಂದು ಮರಳಿನ ಕಣ ಉಳಿದರೂ ಗೀರು ಬೀಳುತ್ತದೆ. ತೊಳೆದ ಮೇಲೂ ತರಿತರಿ ಅನಿಸಿದರೆ ಕ್ಲೇ ಬಾರ್ (ಅಂಟಿದ ಕೊಳೆ ಎಳೆಯುವ ಜೇಡಿಯಂಥ ಮುದ್ದೆ) ಆಡಿಸಿ. ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್‌ಗೆ ಮಾಸ್ಕಿಂಗ್ ಟೇಪ್ ಹಾಕಿ, ಅಲ್ಲಿ ಕೂತ ಬಿಳಿ ಕಲೆ ಸುಲಭಕ್ಕೆ ಹೋಗುವುದಿಲ್ಲ. ಆಮೇಲೆ ಎರಡಡಿ ಚೌಕದಷ್ಟು ಜಾಗ ಹಿಡಿದು ಫೋಮ್ ಪ್ಯಾಡಿನಲ್ಲಿ ಉಜ್ಜಿ, ಮೈಕ್ರೋಫೈಬರ್‌ನಿಂದ ಒರೆಸಿ. ಬಟ್ಟೆಯ ಮಗ್ಗಲು ಆಗಾಗ ಬದಲಾಯಿಸುತ್ತಿರಿ, ಸತ್ತ ಬಣ್ಣ ಅದರಲ್ಲಿ ಬೇಗ ತುಂಬುತ್ತದೆ. ಅಂಚು ಮತ್ತು ಗೆರೆಗಳ ಮೇಲೆ ಒತ್ತಬೇಡಿ. ಅಲ್ಲಿ ಬಣ್ಣ ತೆಳು, ಪ್ರೈಮರ್ ಇಣುಕಿದರೆ ಮುಗಿಯಿತು.

ಕೈಯಲ್ಲಾದರೆ ಒಂದು ದಿನಕ್ಕೆ ಬಾನೆಟ್ ಮತ್ತು ರೂಫ್ ಮುಗಿದರೆ ದೊಡ್ಡದು. ರಟ್ಟೆ ಬಿದ್ದುಹೋಗುತ್ತದೆ. ಮೆಷಿನ್ ಬೇಕೆಂದರೆ ತಿರುಗುತ್ತಲೇ ಅತ್ತಿತ್ತ ಅಲುಗುವ ಡಿಎ (ಡ್ಯುಯಲ್ ಆಕ್ಷನ್) ಪಾಲಿಶರ್ ತನ್ನಿ. ಬರೀ ಗಿರಗಿರ ತಿರುಗುವ ರೋಟರಿ ಹೊಸಬರ ಕೈಗೆ ಬೇಡ, ಒಂದೇ ಕಡೆ ನಿಂತರೆ ಬಣ್ಣ ಸುಟ್ಟುಬಿಡುತ್ತದೆ. ಕಾಂಪೌಂಡ್ ಆದ ಮೇಲೆ ನಯವಾದ ಪಾಲಿಶ್, ಕೊನೆಗೆ ವ್ಯಾಕ್ಸ್. ಈ ವ್ಯಾಕ್ಸನ್ನು ಬಿಟ್ಟವರೇ ಜಾಸ್ತಿ, "ಮತ್ತೆ ಮಾಸಿತು" ಅಂತ ಗೊಣಗುವವರೂ ಅವರೇ. ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು.

ಇನ್ನು ಮನೆಮದ್ದು. ಡೀಸೆಲ್, ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಒರೆಸಿದರೆ ಸಂಜೆವರೆಗೆ ಮಿಂಚುತ್ತದೆ, ಮರುದಿನ ಊರಿನ ಧೂಳೆಲ್ಲಾ ಅದರ ಮೇಲೆ. ಟೂತ್‌ಪೇಸ್ಟ್‌ನಲ್ಲಿ ಇಡೀ ಕಾರು ಉಜ್ಜುವುದು ಸುಮ್ನೆ ಮೈಕೈ ನೋವು. ಪುಡಿ ಏಳುವ ಬಣ್ಣದ ಮೇಲೆ ನೇರವಾಗಿ ಸೆರಾಮಿಕ್ ಕೋಟಿಂಗ್ (ಗಟ್ಟಿ ರಕ್ಷಣಾ ಪದರ) ಮಾಡುತ್ತೇವೆ ಅನ್ನುವವರು ಸಿಕ್ಕರೆ ಕೈ ಮುಗಿದು ಹೊರಡಿ. ಮೊದಲು ಸತ್ತ ಪದರ ತೆಗೆಯಲೇಬೇಕು.

ಬೆಂಗಳೂರಿನ ಅಪಾರ್ಟ್‌ಮೆಂಟ್ ಮಂದಿಗೆ ಒಂದು ಮಾತು. ಒಂದೇ ಒಣ ಬಟ್ಟೆಯಲ್ಲಿ ಸಾಲು ಕಾರುಗಳ ಧೂಳು ಎಳೆಯುವ ಹುಡುಗನನ್ನು ಬೈಯಬೇಡಿ. ದಿನಾ ಒರೆಸಲೇಬೇಕು ಅಂದವರು ನಾವು. ಸಂಬಳ ಅಷ್ಟೇ ಕೊಟ್ಟು, ವಾರಕ್ಕೆ ಎರಡು ಸಲ ನೀರು ಹಾಕಿ ತೊಳೆಯಲು ಹೇಳಿ. ಧೂಳು ಕೂತ ಕಾರಿಗೆ ಕವರ್ ಕೂಡ ಹಾಕಬೇಡಿ. ಗಾಳಿಗೆ ಅದು ಅಲುಗಾಡಿದಷ್ಟೂ ನೀವು ಉಜ್ಜಿ ತಂದ ಹೊಳಪಿನ ಮೇಲೆ ಗೀರು ಬೀಳುತ್ತದೆ.