ಬೋಗಿ ಅನ್ನಬಾರದಂತೆ

ಹೋದ ಭಾನುವಾರ ನನ್ನ ಹಳೇ ಶಿಷ್ಯನೊಬ್ಬ ನಾಲ್ಕು ಜನರ ಎದುರು ನನ್ನನ್ನು ತಿದ್ದಿದ. "ಮೇಷ್ಟ್ರೇ, ರೈಲಿನ ಡಬ್ಬೀನ ಬೋಗಿ ಅನ್ನಬಾರದು, ಕೋಚು. ಬೋಗಿ ಅಂದ್ರೆ ಕೆಳಗೆ ಚಕ್ರ ಕೂರಿಸಿರೋ ಚೌಕಟ್ಟು ಅಷ್ಟೇ." ಏಳರ ಮಗ್ಗಿ ದಾಟಲು ಎರಡು ವರ್ಷ ತೆಗೆದುಕೊಂಡವನು ಇವನು. ಇಡೀ ಊರು ಬೋಗಿ ಅನ್ನುತ್ತೆ, ನಮ್ಮಜ್ಜಿ ಬೋಗಿ ಅನ್ನುತ್ತಿದ್ದಳು, ಇವನಿಗೆ ಮಾತ್ರ ಆಗುವುದಿಲ್ಲ.

ಸುಂಟಿಕೊಪ್ಪದ ಕಡೆ ಅವನ ತೋಟ. ಕಾಫಿ ಸ್ಟೋರಿನ ಅಟ್ಟದ ಮೇಲೆ ಆರೇಳು ಗಂಡಸರು ಸೇರಿ ಆಟದ ರೈಲು ಓಡಿಸುತ್ತಾರೆ. ಆಟದ ರೈಲು ಅಂದರೂ ಕೋಪ, ಮಾಡೆಲ್ ಅನ್ನಬೇಕು. ಡೀಸೆಲ್ ಬೇಡ, ಕರೆಂಟಿನದು ಬೇಡ, ಓಡುವುದು ಕರೆಂಟಿನಲ್ಲೇ ಆದರೂ ರೂಪ ಉಗಿಬಂಡಿಯದೇ ಆಗಬೇಕು. ನಮ್ಮ ಕೊಡಗು ಜಿಲ್ಲೆಯಲ್ಲಿ ಒಂದು ಮಾರು ರೈಲು ಹಳಿ ಇಲ್ಲ, ಮಡಿಕೇರಿಯ ರಾಜಾಸೀಟಿನಲ್ಲಿ ಓಡುತ್ತಿದ್ದ ಪುಟಾಣಿ ರೈಲನ್ನು ಲೆಕ್ಕಕ್ಕೆ ಹಿಡಿದರೆ ಮಾತು ಬೇರೆ. ರೈಲು ನೋಡಬೇಕಾದರೆ ಘಟ್ಟ ಇಳಿಯಬೇಕು, ಇಲ್ಲ ಮೈಸೂರಿಗೆ ಹೋಗಬೇಕು. ಇವರೂ ಹೋಗುತ್ತಾರೆ, ಅಲ್ಲಿನ ರೈಲು ಮ್ಯೂಸಿಯಂಗೆ, ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋದಷ್ಟು ಭಕ್ತಿಯಿಂದ.

ಅವರಲ್ಲಿ ಒಬ್ಬ ಇಪ್ಪತ್ತಾರರ ಹುಡುಗ. ಬ್ರಾಡ್‌ಗೇಜಿನಲ್ಲಿ ಉಗಿ ಎಂಜಿನ್ನಿನ ಕಾಲ 1995ಕ್ಕೇ ಮುಗಿಯಿತು, ಇವನು ಹುಟ್ಟಿದ್ದು ಆಮೇಲೆ, ಆದರೂ ಹೊಗೆಯ ಬಗ್ಗೆ ನನಗೇ ಪಾಠ ಮಾಡುತ್ತಾನೆ. ಚಿಮಣಿಯೊಳಗೆ ಎರಡು ತೊಟ್ಟು ಎಣ್ಣೆ ಬಿಟ್ಟರೆ ಒಳಗಿನ ಸಣ್ಣ ಹೀಟರ್ ಬಿಸಿಯಾಗಿ ನೂಲಿನೆಳೆಯಂಥ ಬಿಳಿ ಹೊಗೆ ಬರುತ್ತೆ. "ಹೆಂಗಿದೆ ಸಾರ್?" ಅಂದ. ಊದುಬತ್ತಿ ಹೊಗೆ ಇದಕ್ಕಿಂತ ಖಾರವಾಗಿರುತ್ತೆ ಅನ್ನಬೇಕೆನಿಸಿತು, ಅನ್ನಲಿಲ್ಲ.

ಹೊಗೆ ಅಂದರೆ ನನಗೆ ನೆನಪಾಗುವುದು ಮಾವನ ಶಲ್ಯ. 1971ರಲ್ಲಿ ನಂಜನಗೂಡಿನಲ್ಲಿ ದೊಡ್ಡಮ್ಮನ ಮಗಳ ಮದುವೆ. ಮಡಿಕೇರಿಯಿಂದ ಮೈಸೂರಿಗೆ ಬಸ್ಸಿನಲ್ಲಿ ಬಂದೆವು. ಅಲ್ಲಿಂದ ಬಸ್ಸಿನಲ್ಲೇ ಹೋಗಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಸೋದರಮಾವ, "ಹುಡುಗರು ರೈಲೇ ಕಂಡಿಲ್ಲ" ಅಂತ ಹಟ ಹಿಡಿದು ಮೀಟರ್‌ಗೇಜ್ ರೈಲು ಹತ್ತಿಸಿದರು. ಹತ್ತಿಸಿದ್ದು ನಮ್ಮನ್ನು, ಕಿಟಕಿ ಪಕ್ಕ ಕೂತಿದ್ದು ಅವರು. ಜರಿ ಅಂಚಿನ ಶಲ್ಯ, ಆ ಮದುವೆಗೆಂದೇ ತಂದಿದ್ದು, ಎಡ ಹೆಗಲ ಮೇಲೆ. ಕಿಟಕಿ ಮುಚ್ಚು ಅಂತ ಅಜ್ಜಿ ಮೂರು ಸಲ ಹೇಳಿದಳು. ರೈಲು ಸ್ವಲ್ಪ ತಿರುವಿನಲ್ಲಿ ಬಾಗಿದಾಗ ಎಂಜಿನ್ ನಮಗೇ ಕಾಣಿಸಿತು, ನಾವೆಲ್ಲ ಹೋ ಅಂದೆವು, ಅಷ್ಟರಲ್ಲಿ ನನ್ನ ಕಣ್ಣಿಗೊಂದು ಕಲ್ಲಿದ್ದಲ ಚೂರು ಬಿತ್ತು, ಮಾವನ ಶಲ್ಯಕ್ಕೊಂದು ಕಿಡಿ. ಅಜ್ಜಿ ಸೆರಗಿನ ತುದಿಗೆ ಬಾಯಿಂದ ಹಬೆ ಊದಿ ಊದಿ ನನ್ನ ಕಣ್ಣಿಗೆ ಒತ್ತುತ್ತಿದ್ದಳು, ಮಾವನ ಕಡೆ ಯಾರೂ ನೋಡಲಿಲ್ಲ. ನಾಲ್ಕಾಣೆಯಷ್ಟು ದೊಡ್ಡ ತೂತು. ಧಾರೆಯಾಯಿತು, ಊಟವಾಯಿತು, ಬೀಗರೊಡನೆ ಮಾತಾಯಿತು, ಮಾವನ ಬಲಗೈ ಎದೆ ಬಿಟ್ಟು ಇಳಿಯಲಿಲ್ಲ. ಗಂಡಿನ ಕಡೆಯವರೊಬ್ಬರು, ಎದೆ ನೋವೇ ಅಂತ ಕೇಳಿ ಸೋಡ ತರಿಸಿಕೊಟ್ಟರು. ಕುಡಿಯಬೇಕಾಯಿತು, ಎಡಗೈಯಲ್ಲಿ. ಅದಕ್ಕೂ ಅಜ್ಜಿ ಬೈದಳು.

ಆ ಮದುವೆಯ ಫೋಟೋ ನಮ್ಮ ನಡುಮನೆಯಲ್ಲಿದೆ. ಶಿಷ್ಯ ಬಂದಾಗ ಇಷ್ಟೂ ಕಥೆ ಹೇಳಿದೆ. ಪೂರ್ತಿ ಕೇಳಿ, "ಎಂಜಿನ್ ಯಾವ ಜಾತಿದು ಮೇಷ್ಟ್ರೇ, ವೈ.ಪಿ.ನಾ, ವೈ.ಜಿ.ನಾ?" ಅಂದ. ನಾನು ಕಣ್ಣುಜ್ಜಿಕೊಳ್ಳುತ್ತಿದ್ದೆ ಮಾರಾಯ, ನಂಬರ್ ಬರೆದುಕೊಳ್ಳಲಿಲ್ಲ.

ಒಂದು ಮಾತ್ರ ಒಪ್ಪುತ್ತೇನೆ, ಲೆಕ್ಕ ಕಲಿತಿದ್ದಾನೆ. ನಮ್ಮ ಬ್ರಾಡ್‌ಗೇಜಿನಲ್ಲಿ ಎರಡು ಹಳಿಯ ನಡುವೆ 1676 ಮಿಲಿಮೀಟರ್, ಮಾಡೆಲ್ ಅಸಲಿನ 87ರಲ್ಲೊಂದು ಪಾಲು, 87ರಲ್ಲಿ ಭಾಗಿಸಿದರೆ 19 ಚಿಲ್ಲರೆ ಬರಬೇಕು, ಅಂಗಡಿಯಲ್ಲಿ ಸಿಗುವ ಹಳಿ 16.5, ಅದು 1435ರ ಹಳಿಯಿರುವ ದೇಶದವರ ಲೆಕ್ಕ ಅಂತ ಬಾಯಲ್ಲೇ ಹೇಳಿದ. ಆ ಎರಡೂಮುಕ್ಕಾಲು ಮಿಲಿಮೀಟರ್ ಅವನ ನಿದ್ದೆ ಕೆಡಿಸಿದೆ. ಭಿನ್ನರಾಶಿ ಪರೀಕ್ಷೆಯ ಹಿಂದಿನ ದಿನ ಕೆಡದ ನಿದ್ದೆ!

ಇನ್ನೊಂದು ವಿಷಯವೂ ಅವನಿಂದಲೇ ಗೊತ್ತಾಯಿತು. ಎರಡು ಸಿಲಿಂಡರಿನ ಎಂಜಿನ್ನಿನ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಚಿಮಣಿಯಿಂದ ನಾಲ್ಕು ಸಲ ಉಗಿ ಹೊರಡುತ್ತಂತೆ. ಮನೆಗೆ ಬರುವಾಗ ಜೀಪಿನಲ್ಲಿ ಬೆರಳು ಮಡಿಸಿ ನೋಡಿದೆ. ಚು, ಕು, ಬು, ಕು. ನಾಲ್ಕೇ. ಇದನ್ನು ಅವನಿಗೆ ಹೇಳಿಲ್ಲ, ಹೇಳಿದರೆ ಮೀಟಿಂಗಿಗೆ ಕರೆಯುತ್ತಾನೆ.

ನಾನು ಆ ಅಟ್ಟ ಹತ್ತಿದ ದಿನ ಕಕ್ಕಡದ ಮಳೆ, ಅಂದರೆ ನಮ್ಮ ಕಡೆಯ ಆಷಾಢದ ಮಳೆ. ಬೆಳಿಗ್ಗೆಯೆಲ್ಲ ಹಳಿಗೆ ಹಿಡಿದ ಕಪ್ಪನ್ನು ಸ್ಪಿರಿಟ್ಟಿನಲ್ಲಿ ಉಜ್ಜಿದ್ದರು. ಗುಡ್ಡಕ್ಕೆ ತೋಟದ ಪಾಚಿಯನ್ನೇ ಅಂಟಿಸಿದ್ದರು, ಗೂಡ್ಸ್ ಡಬ್ಬಿಗಳಲ್ಲಿ ಒಂದೊಂದು ಹಿಡಿ ರೊಬಸ್ಟಾ ಬೀಜ. ಎಂಜಿನ್ ಸುರಂಗಕ್ಕೆ ನುಗ್ಗಿತು, ಕರೆಂಟು ಹೋಯಿತು. ಕತ್ತಲು, ಶೀಟಿನ ಮೇಲೆ ಮಳೆ. ಯಾರೂ ಟಾರ್ಚ್ ಹಾಕಲಿಲ್ಲ, ಮಾತೂ ಆಡಲಿಲ್ಲ. ಇಷ್ಟು ದೊಡ್ಡ ಗಂಡಸರು ಥರ್ಮೋಕೋಲಿನ ಗುಡ್ಡದ ಸುತ್ತ ನಿಂತು ಕಾಯುತ್ತಿದ್ದರು, ನಾನೂ. ಹತ್ತು ನಿಮಿಷಕ್ಕೆ ಕರೆಂಟು ಬಂತು, ರೈಲು ಮೆಲ್ಲಗೆ ಹೊರಗೆ ಬಂತು.

"ಐದು ಬೋಗಿಯೂ ಬಂತಲ್ಲ" ಅಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. "ವ್ಯಾಗನ್ ಸಾರ್" ಅಂದ ಆ ಹುಡುಗ.