ಸ್ಪಷ್ಟನೆ: ಇಲ್ತುತ್‌ಮಿಶ್ ಹೆಸರಿಗೂ ಚಂದ್ರಗ್ರಹಣಕ್ಕೂ ಸಂಬಂಧವಿಲ್ಲ

ದೆಹಲಿಯ ಸುಲ್ತಾನ ಇಲ್ತುತ್‌ಮಿಶ್ (ಆಳ್ವಿಕೆ 1211–1236) ಚಂದ್ರಗ್ರಹಣದ ರಾತ್ರಿ ಹುಟ್ಟಿದ, ಅದಕ್ಕೇ ಆ ಹೆಸರು ಎಂಬ ಮಾತು ಮತ್ತೆ ಹರಿದಾಡುತ್ತಿದೆ. ಅದು ತಪ್ಪು.

ಈ ಕಥೆಯನ್ನು ಬರೆದವನು ಅಕ್ಬರನ ಕಾಲದ ಇತಿಹಾಸಕಾರ ಬದಾಯೂನಿ. ಅಂದರೆ ಸುಲ್ತಾನ ಸತ್ತು ಮುನ್ನೂರಕ್ಕೂ ಜಾಸ್ತಿ ವರ್ಷಗಳ ನಂತರ. ಹೆಸರನ್ನು ಬಿಡಿಸಿ ನೋಡಿದರೆ ವಿಷಯ ಸರಳ. ಹಳೆಯ ತುರ್ಕಿಯಲ್ಲಿ 'ಇಲ್' ಎಂದರೆ ನಾಡು, ರಾಜ್ಯ. 'ತುತ್' ಎಂದರೆ ಹಿಡಿ. 'ಮಿಶ್' ಎಂಬುದು ಆಗಿಹೋದ ಕೆಲಸವನ್ನು ಹೇಳುವ ಪ್ರತ್ಯಯ. ಒಟ್ಟಿಗೆ, ರಾಜ್ಯವನ್ನು ಹಿಡಿದು ನಿಲ್ಲಿಸಿದವನು. 8ನೇ ಶತಮಾನದಲ್ಲಿ ಉಯ್ಗುರ್ ಎಂಬ ತುರ್ಕಿ ಜನರನ್ನು ಆಳಿದ ದೊರೆ ಬೋಗು ಖಾನನ ಬಿರುದಿನಲ್ಲೂ ಇದೇ 'ಇಲ್ ತುತ್‌ಮಿಶ್' ಇದೆ. ಅಲ್ಲಿ ಗ್ರಹಣದ ಸುಳಿವೇ ಇಲ್ಲ.

ಗೊಂದಲ ಹುಟ್ಟಿದ್ದು ಬಹುಶಃ 'ತುತ್' ಧಾತುವಿನಿಂದ. ತುರ್ಕಿಯಲ್ಲಿ ಚಂದ್ರಗ್ರಹಣಕ್ಕೆ 'ಆಯ್ ತುತುಲ್ಮಸಿ' ಎನ್ನುತ್ತಾರೆ, ಚಂದ್ರ ಹಿಡಿಯಲ್ಪಡುವುದು ಅಂತ. ನಾವೂ ಗ್ರಹಣ ಹಿಡಿಯಿತು ಅಂತೀವಿ, ಅಲ್ವಾ? ಆದರೆ ಈ ಹೆಸರಿನಲ್ಲಿ 'ಆಯ್', ಅಂದರೆ ಚಂದ್ರ, ಇಲ್ಲವೇ ಇಲ್ಲ.

'ಅಲ್ತಮಶ್' ಎಂಬ ರೂಪವೂ ಸರಿಯಲ್ಲ. ಹ್ರಸ್ವ ಸ್ವರಗಳ ಚಿಹ್ನೆ ಬಿಟ್ಟು ಬರೆಯುವ ಪರ್ಷಿಯನ್ ಲಿಪಿಯಲ್ಲಿ ಒಂದೇ ಹೆಸರನ್ನು ಹಲವು ರೀತಿ ಓದಬಹುದು. ತುರ್ಕಿಯ 'ಅಲ್ತ್‌ಮಿಶ್' ಎಂದರೆ ಅರವತ್ತು, ಅದು ಬೇರೆಯೇ ಪದ. ಮಗುವಿಗೆ ಈ ಹೆಸರಿಡುವವರು ದಯವಿಟ್ಟು 'ಇಲ್ತುತ್‌ಮಿಶ್' ಎಂದೇ ಬರೆಸಿ.