ಪರದೇಶದ ಊಟದ ಮೇಜಿನಲ್ಲಿ ಅವರ ಹಾಗೇ ಉಣ್ಣಬೇಕೆ?

ಪರ: ಹೋದ ಮೇಲೆ ಅವರ ಹಾಗೇ ಉಣ್ಣಿ

1861ರಲ್ಲಿ ಆಸ್ಟ್ರೇಲಿಯಾದ ಕೂಪರ್ ಕ್ರೀಕ್ ಬಳಿ ಬರ್ಕ್ ಮತ್ತು ವಿಲ್ಸ್ ಎಂಬ ಇಬ್ಬರು ಅನ್ವೇಷಕರು ಸತ್ತರು. ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಿ ವಾಪಸ್ ಬರುತ್ತಿದ್ದವರು. ತಂದಿದ್ದ ದಿನಸಿ ಮುಗಿದಿತ್ತು. ಆದರೆ ತಿನ್ನಲು ಏನೂ ಇರಲಿಲ್ಲ ಅಂತೇನಿಲ್ಲ. ಅಲ್ಲಿನ ಯಾಂಡ್ರುವಾಂಧಾ ಜನ ತಿನ್ನುತ್ತಿದ್ದ ನಾರ್ಡೂ ಎಂಬ ನೀರುಗಿಡದ ಕಾಳನ್ನು ಇವರೂ ಕುಟ್ಟಿ ತಿನ್ನುತ್ತಿದ್ದರು. ಹೊಟ್ಟೆ ತುಂಬುತ್ತಿತ್ತು, ಮೈ ಮಾತ್ರ ದಿನದಿನಕ್ಕೆ ಸೊರಗುತ್ತಿತ್ತು. ನಾರ್ಡೂನಲ್ಲಿ ಬಿ1 ಜೀವಸತ್ವವನ್ನು ಕೆಡಿಸುವ ಅಂಶ ಇದೆ. ಅಲ್ಲಿನ ಹೆಂಗಸರು ಅದನ್ನು ಹುರಿದು, ಬೀಸಿ, ನೀರು ಬೆರೆಸಿ ಹದ ಮಾಡುತ್ತಿದ್ದರು. ಇವರು ಕಾಳು ತೆಗೆದುಕೊಂಡರು, ಹದ ಬಿಟ್ಟರು. ಅವರ ಸಾವಿಗೆ ಇದೂ ಕಾರಣ ಎನ್ನುವ ವಿಜ್ಞಾನಿಗಳಿದ್ದಾರೆ. ಜೊತೆಗಿದ್ದ ಜಾನ್ ಕಿಂಗ್ ಮಾತ್ರ ಬದುಕಿದ. ಹೇಗೆ ಅಂತೀರಾ? ಆ ಜನರ ಜೊತೆಗೇ ಉಳಿದು, ಅವರು ಕೊಟ್ಟಿದ್ದನ್ನು ತಿಂದು.

ಇನ್ನೊಂದು ನೋಡಿ. ಮೆಕ್ಸಿಕೋದ ಜನ ಸಾವಿರಾರು ವರ್ಷಗಳಿಂದ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಆಮೇಲೆ ಅರೆದು ರೊಟ್ಟಿ ಮಾಡುತ್ತಾರೆ. ಯುರೋಪಿನವರು ಜೋಳವನ್ನು ಹಡಗಿಗೆ ಹಾಕಿಕೊಂಡು ಹೋದರು. ಸುಣ್ಣದ ನೀರು ಅವರಿಗೆ ಕಾಡು ಜನರ ಗೊಡ್ಡು ಪದ್ಧತಿಯಂತೆ ಕಂಡಿರಬೇಕು, ಅದನ್ನು ಅಲ್ಲೇ ಬಿಟ್ಟರು. ಸುಣ್ಣ ಇಲ್ಲದೆ ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುವುದಿಲ್ಲ. ಜೋಳವನ್ನೇ ನಂಬಿದ ಬಡವರಿಗೆ ಪೆಲಾಗ್ರ ಎಂಬ ರೋಗ ಬಂತು. ಚರ್ಮ ಸುಲಿಯಿತು, ಭೇದಿ ಹಿಡಿಯಿತು, ತಲೆ ಕೆಟ್ಟಿತು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಈ ರೋಗದ ಲಕ್ಷಣಗಳನ್ನು ಬರೆದಿಟ್ಟ. ಆಮೇಲೆ ಉತ್ತರ ಇಟಲಿ, 20ನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳು. ಸಾವಿರಾರು ಜನ ಸತ್ತರು. ಇಷ್ಟೂ ಹೊತ್ತು ಮೆಕ್ಸಿಕೋದ ಅಜ್ಜಿಯರು ಆರಾಮಾಗಿ ರೊಟ್ಟಿ ತಟ್ಟುತ್ತಲೇ ಇದ್ದರು.

ಊಟದ ಪದ್ಧತಿ ಸುಮ್ನೆ ಹುಟ್ಟಿದ್ದಲ್ಲ, ಅಷ್ಟೇ ನಾನು ಹೇಳುವುದು. ಕಾರಣ ನಮಗೆ ಕಾಣುತ್ತಿಲ್ಲ ಅಂದರೆ ಕಾರಣವೇ ಇಲ್ಲ ಅಂತಲ್ಲ. ಜಪಾನಿನಲ್ಲಿ ಅನ್ನದ ಬಟ್ಟಲಿಗೆ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಸತ್ತವರಿಗೆ ಇಡುವ ಅನ್ನಕ್ಕೆ ಹಾಗೆ ಚುಚ್ಚುತ್ತಾರೆ. ಒಬ್ಬರ ಚಾಪ್‌ಸ್ಟಿಕ್‌ನಿಂದ ಇನ್ನೊಬ್ಬರ ಚಾಪ್‌ಸ್ಟಿಕ್‌ಗೆ ತುತ್ತು ದಾಟಿಸಲೂ ಬಾರದು. ದಹನದ ನಂತರ ಮನೆಯವರು ಮೂಳೆ ಆರಿಸುವಾಗ ಹಾಗೆ ದಾಟಿಸುತ್ತಾರೆ. ಇದನ್ನು ತಿಳಿದ ಮೇಲೂ "ನನ್ನಿಷ್ಟ" ಅನ್ನುವವರಿಗೆ ಏನು ಹೇಳುವುದು?

ಪ್ರೀತಿಯ ಮಾತಂತೂ ಇದ್ದೇ ಇದೆ. ಇಥಿಯೋಪಿಯಾದಲ್ಲಿ ಎಲ್ಲರೂ ಒಂದೇ ದೊಡ್ಡ ತಟ್ಟೆಯ ಸುತ್ತ ಕೂರುತ್ತಾರೆ. ತೆಫ್ ಎಂಬ ಧಾನ್ಯದ ಹಿಟ್ಟು ಹುಳಿ ಬರಿಸಿ ಮಾಡಿದ, ದೋಸೆಯಂಥ ಇಂಜೆರಾ, ಮೇಲೆ ಪಲ್ಯ, ಸಾರು. ಪಕ್ಕದವರು ಇಂಜೆರಾ ಹರಿದು, ಪಲ್ಯ ಸುತ್ತಿ, ನೇರ ನಿಮ್ಮ ಬಾಯಿಗೇ ಇಡುತ್ತಾರೆ. ಅದಕ್ಕೆ ಗುರ್ಶಾ ಎನ್ನುತ್ತಾರೆ. ತುತ್ತು ದೊಡ್ಡದಾದಷ್ಟೂ ಅಕ್ಕರೆ ಜಾಸ್ತಿ. ಆ ಕೈಯನ್ನು ತಳ್ಳಿ ಚಮಚ ಕೇಳುವವರು ಮನೆಯಲ್ಲೇ ಇರಬಹುದಿತ್ತು, ಅಲ್ವಾ?

ಧರ್ಮ, ಅಲರ್ಜಿ ಅಂತ ಕೆಲವರು ತಕರಾರು ತೆಗೆಯುತ್ತಾರೆ. ಇರಲಿ. ಆದರೆ ನಾನು ನೋಡಿದ ಮಟ್ಟಿಗೆ ನಿಜವಾದ ನೇಮದವರು ಗಲಾಟೆ ಮಾಡುವುದೇ ಇಲ್ಲ, ಪಾಪ, ಸಿಕ್ಕಿದ ಹಣ್ಣು ತಿಂದು ಏಳುತ್ತಾರೆ. ಗಲಾಟೆ ಮಾಡುವವರು ಬೇರೆ ಜಾತಿ. ಸೂಟ್‌ಕೇಸಿನಲ್ಲಿ ಕುರುಕಲು ತಿಂಡಿ, ಕಿಸೆಯಲ್ಲಿ ಸಾಸ್ ಪೊಟ್ಟಣ. ಬಂದ ತಟ್ಟೆಯನ್ನು ಮೊದಲು ಮೂಸುತ್ತಾರೆ, ಆಮೇಲೆ ಫೋಟೋ ತೆಗೆಯುತ್ತಾರೆ, ತಿನ್ನುವುದು ಮಾತ್ರ ಇಲ್ಲ. ವಿರೋಧದ ಕಡೆಯವರು ಇಂಥವರ ಪರವಾಗಿಯೇ ವಕಾಲತ್ತು ಹಾಕುತ್ತಿದ್ದಾರೆ ಅನ್ನುವುದು ನೆನಪಿರಲಿ.

ವಿರೋಧ: ಅತಿಥಿ ಅತಿಥಿಯ ಹಾಗೇ ಇರಲಿ

ವಿರೋಧವಾಗಿ ಬರೆಯಲು ಯಾರೂ ಸಿಗಲಿಲ್ಲವಂತೆ, ಕೆಲಸ ನನ್ನ ತಲೆಗೆ ಬಂತು. ನಿಜ ಹೇಳಬೇಕೆಂದರೆ ನಾನೂ ಹೋದಲ್ಲಿ ಅಲ್ಲಿನದನ್ನೇ ತಿನ್ನುವವಳು. ಆದರೂ "ತಿನ್ನಲೇಬೇಕು" ಎಂಬ ಕಟ್ಟಪ್ಪಣೆ ಕೇಳಿದರೆ ಸ್ವಲ್ಪ ಕಿರಿಕಿರಿ ಆಗುತ್ತದೆ.

ಪರ ಬರೆದವರು ಮರುಭೂಮಿಯಲ್ಲಿ ಸತ್ತವರನ್ನು ಎಬ್ಬಿಸಿ ತಂದಿದ್ದಾರೆ. ನಾವು ಹೋಗುವುದು ಹೋಟೆಲಿಗೆ, ಅಲ್ಲಿ ಮೆನು ಇರುತ್ತದೆ. ನಾರ್ಡೂ ವಿಷಯ ಅಲ್ಲಿಗೆ ಬಿಡೋಣ.

ಹೊಟ್ಟೆ ಎಲ್ಲರದೂ ಒಂದೇ ಥರ ಇಲ್ಲ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರನೇ ಎರಡು ಪಾಲು ಜನರಿಗೆ ಹಾಲಿನ ಸಕ್ಕರೆ ಸರಿಯಾಗಿ ಅರಗುವುದಿಲ್ಲ. ಉತ್ತರ ಯುರೋಪಿನವರು ಲೋಟಗಟ್ಟಲೆ ಹಾಲು ಕುಡಿದು ಆರಾಮಾಗಿ ಇರುತ್ತಾರೆ, ಪೂರ್ವ ಏಷ್ಯಾದವರು ಅಷ್ಟೇ ಕುಡಿದರೆ ರಾತ್ರಿಯೆಲ್ಲ ಒದ್ದಾಡಬಹುದು. ಇದರಲ್ಲಿ ಮರ್ಯಾದೆಯ ಪ್ರಶ್ನೆ ಎಲ್ಲಿಂದ ಬಂತು? ಯಹೂದಿಗಳು ಮಾಂಸ, ಹಾಲು ಒಟ್ಟಿಗೆ ತಿನ್ನುವುದಿಲ್ಲ, ಮುಸ್ಲಿಮರು ಹಂದಿ ಮುಟ್ಟುವುದಿಲ್ಲ. ಅವರೆಲ್ಲ ಹಣ್ಣು ತಿಂದು ಏಳಲಿ ಎನ್ನುವುದು ಯಾವ ಊರಿನ ಉಪಚಾರ?

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ನಡೆದದ್ದು ಹೇಳುತ್ತೇನೆ. ಕಚೇರಿ ಕೆಲಸದ ಮೇಲೆ ಹೋಗಿದ್ದೆವು, ಅತಿಥೇಯರು ರಾತ್ರಿ ಊಟಕ್ಕೆ ಕರೆದಿದ್ದರು. ನಮ್ಮ ತಂಡದವನೊಬ್ಬ ಅವರ ಹಾಗೇ ಉಣ್ಣುವ ಹಟ ತೊಟ್ಟಿದ್ದ. ವಿಮಾನದಲ್ಲೇ ವಿಡಿಯೋ ನೋಡಿ ತಯಾರಾಗಿದ್ದ. ಅನ್ನ ಬಂದ ಕೂಡಲೇ ಬಟ್ಟಲನ್ನು ಎಡಗೈಯಲ್ಲಿ ಎತ್ತಿ ಬಾಯಿಯ ಹತ್ತಿರ ಹಿಡಿದ. ಅದು ಜಪಾನಿನ ಪದ್ಧತಿ. ಕೊರಿಯಾದಲ್ಲಿ ಬಟ್ಟಲು ಮೇಜಿನ ಮೇಲೇ ಇರಬೇಕು, ಅನ್ನಕ್ಕೆ ಚಮಚ. ಅದೂ ಹೋಗಲಿ, ಎದುರು ಕೂತಿದ್ದ ಹಿರಿಯರು ಇನ್ನೂ ಚಮಚ ಎತ್ತಿರಲಿಲ್ಲ. ಹಿರಿಯರು ಶುರು ಮಾಡುವ ಮೊದಲು ಯಾರೂ ತಿನ್ನುವ ಹಾಗಿಲ್ಲ. ಅವರು ಇವನನ್ನು ನೋಡಿ ಗಡಿಬಿಡಿಯಲ್ಲಿ ಒಂದು ಚಮಚ ಸಾರು ಕುಡಿದರು, ಇವನಿಗೆ ಅವಮಾನ ಆಗದಿರಲಿ ಅಂತ.

ಆಮೇಲೆ ದೊತೊರಿಮುಕ್ ಬಂತು. ಓಕ್ ಮರದ ಕಾಯಿಯ ಹಿಟ್ಟಿನಿಂದ ಮಾಡುವ ಕಂದು ಬಣ್ಣದ ಹಲ್ವದಂಥ ತುಂಡುಗಳು, ಮೇಲೆ ಸೋಯಾ ಸಾಸ್, ಎಳ್ಳೆಣ್ಣೆ. ಮುಟ್ಟಿದರೆ ನಡುಗುತ್ತದೆ. ಕೊರಿಯಾದ ಚಾಪ್‌ಸ್ಟಿಕ್ ಲೋಹದ್ದು, ಚಪ್ಪಟೆ, ನುಣುಪು. ಮೆಲ್ಲಗೆ ಹಿಡಿದರೆ ಜಾರುತ್ತದೆ, ಗಟ್ಟಿಯಾಗಿ ಹಿಡಿದರೆ ಎರಡಾಗುತ್ತದೆ. ಇವನು ಒತ್ತಿದ. ತುಂಡು ಹಾರಿ ಮೂಲಂಗಿ ಕಿಮ್ಚಿಯ, ಅಂದರೆ ಹುಳಿ ಬರಿಸಿದ ಉಪ್ಪಿನಕಾಯಿಯ, ಬಟ್ಟಲಿಗೆ ಬಿತ್ತು. ಒಬ್ಬರು ಬೆರಳು ಹಿಡಿಯುವುದು ಹೇಗೆಂದು ತೋರಿಸಿದರು, ಇನ್ನೊಬ್ಬರು ಎದ್ದು ಬಂದು ಕೈ ತಿದ್ದಿದರು. ಮೇಜಿನ ಮಧ್ಯೆ ಕುದಿಯುತ್ತಿದ್ದ ಸಾರು ಆರಿತು. ಮಾತು ನಿಂತಿತು. ಕಡೆಗೆ ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು ಓಡಿಹೋಗಿ ಫೋರ್ಕ್ ತಂದಳು. ಇವನು "ಬೇಡ, ಕಲಿಯುತ್ತೇನೆ" ಅಂದ! ಪಕ್ಕದಲ್ಲಿ ನಾನು ಚಮಚದಲ್ಲೇ ಅದನ್ನು ಎತ್ತಿ ತಿಂದೆ. ತುಂಬಾ ಚೆನ್ನಾಗಿತ್ತು, ಸ್ವಲ್ಪ ಒಗರು, ಹಿಂದಿನಿಂದ ಎಳ್ಳಿನ ಘಮ. ಯಾರೂ ಹುಬ್ಬೇರಿಸಲಿಲ್ಲ.

ಅತಿಥೇಯರು ಕರೆಯುವುದು ನಮ್ಮ ಪರೀಕ್ಷೆ ತೆಗೆದುಕೊಳ್ಳಲು ಅಲ್ಲ. ನಾವು ಅವರ ಹಾಗೆ ನಟಿಸಲು ಹೊರಟರೆ ಕಷ್ಟ ಪಡುವವರು ಅವರೇ.

ಇನ್ನೊಂದು ತೊಡಕಿದೆ. ಪದ್ಧತಿಯೇ ನಿಂತಲ್ಲಿ ನಿಲ್ಲುವುದಿಲ್ಲ. ಚೀನಾದಲ್ಲಿ ತಿಂದು ಮುಗಿಸಲಾಗದಷ್ಟು ತರಿಸುವುದೇ ದೊಡ್ಡ ಉಪಚಾರ, ತಟ್ಟೆಯಲ್ಲಿ ಸ್ವಲ್ಪ ಉಳಿಸುವುದೇ ಅತಿಥಿಯ ಲಕ್ಷಣ ಎನ್ನುತ್ತಿದ್ದರು. 2021ರಲ್ಲಿ ಅಲ್ಲಿ ಆಹಾರ ಪೋಲು ಮಾಡುವುದರ ವಿರುದ್ಧ ಕಾನೂನೇ ಬಂತು. ತುಂಬಾ ಉಳಿಸಿದವರಿಂದ ಹೋಟೆಲಿನವರು ಹೆಚ್ಚಿನ ದುಡ್ಡು ಕೇಳಬಹುದು. ಈಗ "ಅವರ ಹಾಗೆ" ಅಂದರೆ ಯಾರ ಹಾಗೆ? ಅಜ್ಜನ ಹಾಗೋ, ಮೊಮ್ಮಗಳ ಹಾಗೋ?

ಚಾಪ್‌ಸ್ಟಿಕ್ ನೆಟ್ಟಗೆ ನಿಲ್ಲಿಸಬೇಡಿ ಅನ್ನುವುದನ್ನು ಮಾತ್ರ ಒಪ್ಪುತ್ತೇನೆ, ಅದು ಸಾವಿನ ವಿಷಯ. ಉಳಿದದ್ದಕ್ಕೆ, ಕರೆದ ದಿನವೇ ಏನು ತಿನ್ನುವುದಿಲ್ಲ ಅಂತ ಫೋನ್ ಮಾಡಿ ಹೇಳಿಬಿಡಿ. ಅಡುಗೆ ಮಾಡುವವರಿಗೂ ಅದೇ ಸುಲಭ.